ರೈಟ್ ಮಾವ ಹಿಡಿದಿಟ್ಟ ಸೀಟು

ನಮ್ಮ ಸೋದರಮಾವ ಪುಟ್ಟಮಾದಯ್ಯನವರು ಊಟ ಮುಗಿಸಿದ ಮೇಲೆ ಮೇಜನ್ನು ಎರಡು ಸಲ ಬಡಿಯುತ್ತಿದ್ದರು. ಡಬ್ ಡಬ್. ಆಮೇಲೆ "ರೈಟ್" ಅಂದು ಏಳುತ್ತಿದ್ದರು. ಫೋನಿನಲ್ಲಿ ಮಾತು ಮುಗಿದರೂ "ಇಡ್ತೀನಿ" ಅನ್ನುವ ಅಭ್ಯಾಸವಿಲ್ಲ, "ರೈಟ್". ನನ್ನ ಅಕ್ಕನ ಮದುವೆಯಲ್ಲಿ ತಾಳಿಯ ಗಂಟು ಬಿದ್ದು ಎಲ್ಲರೂ ಅಕ್ಷತೆ ಎರಚುತ್ತಿದ್ದಾಗ ಮಂಟಪದ ಹಿಂದಿನಿಂದ "ರೈಟ್, ರೈಟ್, ಓಗ್ಲಿ" ಅಂತ ಒಂದು ಗರ್ಜನೆ ಬಂತು. ನಮ್ಮ ಭಾವ ಬೆಚ್ಚಿಬಿದ್ದು ಎದ್ದು ನಿಂತುಬಿಟ್ಟರು. ಮದುವೆಯ ವಿಡಿಯೋದಲ್ಲಿ ಈಗಲೂ ಇದೆ: ಹಾರ ಹಾಕಿಕೊಂಡು, ಯಾವ ಕಡೆ ಹೋಗಬೇಕು ಅಂತ ತಿಳಿಯದೆ ನಿಂತಿರುವ ಒಬ್ಬ ಮದುಮಗ.

ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಇಡೀ ಸರ್ವೀಸು ಕಳೆದವರು ಅವರು. ಕೆಸರೆಯಿಂದ ಹಿಡಿದು ನಮ್ಮ ಅಶೋಕಪುರದವರೆಗೆ ಅವರ ಕೂಗು ಕೇಳದ ಸ್ಟಾಪಿಲ್ಲ. ಬೀದಿಯಲ್ಲಿ ಎಲ್ಲರಿಗೂ ಅವರು ರೈಟ್ ಮಾವ. ನಾನು ಅವರ ತಂಗಿಯ ಮಗ, ಹಾಗಾಗಿ ನನಗೂ ಅಕ್ಕನಿಗೂ ಮಾತ್ರ ಅಸಲಿ ಮಾವ. ಅವರು ನನಗಿಟ್ಟ ಹೆಸರು ಗಿಳಿ.

ಗಿಳಿ ಯಾಕೆಂದರೆ ನಾನು ಮಿಮಿಕ್ರಿ ಕಲಾವಿದ. ಕಲಾವಿದ ಅಂತ ನಾನೇ ಕಾರ್ಡು ಮಾಡಿಸಿಕೊಂಡಿದ್ದೇನೆ, ಬೇರೆ ಯಾರೂ ಹಾಗೆ ಕರೆಯುವುದಿಲ್ಲ. ಮದುವೆ, ನಾಮಕರಣ, ಕಂಪನಿಗಳ ವಾರ್ಷಿಕೋತ್ಸವ ಇಲ್ಲೆಲ್ಲ ಬೇರೆಯವರ ದನಿಯಲ್ಲಿ ಮಾತಾಡಿ ಹೊಟ್ಟೆ ಹೊರೆಯುತ್ತೇನೆ. ಸ್ವಂತ ದನಿ ಅಂತ ಒಂದು ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಹೆಣ್ಣು ನೋಡಲು ಹೋದ ಕಡೆ ಹುಡುಗಿ, "ನಿಮ್ಮ ಸ್ವಂತ ವಾಯ್ಸಲ್ಲಿ ಮಾತಾಡಿ" ಅಂದಳು. ಪ್ರಯತ್ನಪಟ್ಟೆ. ಅವರಪ್ಪನ ದನಿ ಬಂತು. ಸಂಬಂಧ ಕೂಡಲಿಲ್ಲ.

ನನ್ನ ಕಸುಬಿಗೆ ಬಂಡವಾಳ ಹಾಕಿದವರು ರೈಟ್ ಮಾವ. ಅದರಲ್ಲೂ ಅವರ ಇಂಗ್ಲೆಂಡಿನ ಬಸ್ಸು.

ಅವರ ಮಗಳು ಸುಜಾತಕ್ಕ ಇಂಗ್ಲೆಂಡಿನ ಉತ್ತರದ ಒಂದು ಊರಿನಲ್ಲಿ ನರ್ಸು. ಗಂಡ ಹೆಂಡತಿ ಇಬ್ಬರಿಗೂ ಆಸ್ಪತ್ರೆಯ ಪಾಳಿ. ಮೊಮ್ಮಗಳು ಮೈತ್ರಿಯನ್ನು ಬಸ್ಸಿನಲ್ಲಿ ಶಾಲೆಗೆ ಬಿಟ್ಟು ಕರೆತರಲು ಮನೆಯ ಜನ ಬೇಕಿತ್ತು. ರಿಟೈರಾಗಿ, ಮನೆಯ ಗೋಡೆಗಳಿಗೆ ರೈಟ್ ಹೇಳಿಕೊಂಡಿದ್ದ ಮಾವ ಹೊರಟರು. ಅತ್ತೆ, "ಐಸ್ ಡಬ್ಬ ಇದ್ದಂಗದೆ ಆ ದೇಸ, ನಾನ್ ಬರಕಿಲ್ಲ" ಅಂತ ಇಲ್ಲೇ ಉಳಿದರು. ಮಾವ ಹೆಗಲ ಮೇಲೆ ಕೆಂಪು ಅಂಚಿನ ಟವಲ್ ಹಾಕಿಕೊಂಡು ವಿಮಾನ ಹತ್ತಿದರು. ಕಿಟಕಿ ತೆಗೆಯುವುದಿಲ್ಲ ಅಂತ ಗೊತ್ತಿರದಿದ್ದರೆ ಆ ಟವಲ್ಲನ್ನು ಹೊರಗಿನಿಂದಲೇ ಎಸೆದು ಸೀಟು ಹಿಡಿಯುತ್ತಿದ್ದರೇನೋ.

ತಿರುಗಿ ಬಂದ ಮೇಲೆ ಸಂಜೆ ಹೊತ್ತು ಅವರ ಮನೆ ಜಗುಲಿಯ ಮೇಲೆ ಬೀದಿಯೇ ಸೇರುತ್ತಿತ್ತು. ಎಲ್ಲರಿಗೂ ಬೇಕಾಗಿದ್ದದ್ದು ಬಸ್ಸಿನ ಕತೆ.

"ಕಂಡಕ್ಟ್ರೇ ಇಲ್ಲ ಕಣ್ರಲಾ! ಡ್ರೈವರ್ ಒಬ್ನೇ. ಟಿಕೀಟೂ ಅವ್ನೇ, ಸ್ಟೇರಿಂಗೂ ಅವ್ನೇ. ಬಸ್ ಅನಾಥ ಆಗ್ಬುಟ್ಟದೆ. ಹತ್ಕೊಂಡ್ರಾ, ಇಳ್ಕೊಂಡ್ರಾ ನೋಡೋರಿಲ್ಲ. ನಂಗೆ ಹೊಟ್ಟೆ ಉರಿದೋಯ್ತು."

ಅನಾಥ ಬಸ್ಸಿಗೆ ಇವರೇ ದಿಕ್ಕಾದರು. ಕಂಬಿಯ ಮೇಲೊಂದು ಕೆಂಪು ಗುಂಡಿ ಕಂಡಿತು. ಸದ್ಯ, ಬೆಲ್ಲಾದರೂ ಇಟ್ಟಿದ್ದಾರಲ್ಲ ಅಂದುಕೊಂಡರು. ನಮ್ಮಲ್ಲಿ ಒಂದು ಬೆಲ್ ಆದರೆ ನಿಲ್ಲಿಸು, ಎರಡಾದರೆ ಹೊರಡು. ಅಲ್ಲಿ ಆ ಗುಂಡಿಯನ್ನು ಎಷ್ಟು ಸಲ ಒತ್ತಿದರೂ ಮುಂದಿನ ಸ್ಟಾಪಿನಲ್ಲಿ ನಿಲ್ಲಿಸು ಅಂತಲೇ ಅರ್ಥ. ಜನ ಹತ್ತಿದರು, ಮಾವ ಒತ್ತಿದರು, ಟಿಂಗ್ ಟಿಂಗ್. ಬಸ್ಸು ಹೊರಟಿತು. ಮುಂದಿನ ಸ್ಟಾಪಿನಲ್ಲಿ ನಿಂತಿತು. ಇಳಿಯುವವರಿಲ್ಲ, ಹತ್ತುವವರಿಲ್ಲ. ಕರ್ತವ್ಯ ಮರೆಯದ ಮಾವ ಮತ್ತೆ ಟಿಂಗ್ ಟಿಂಗ್. ಅದರ ಮುಂದಿನದರಲ್ಲೂ ನಿಂತಿತು. ಹೀಗೆ ಆ ಬಸ್ಸು ಊರ ತುಂಬ ಪ್ರತಿ ಕಂಬಕ್ಕೂ ನಮಸ್ಕಾರ ಹಾಕಿಕೊಂಡು ಹೋಯಿತು. ಕೊನೆಗೆ ದಢೂತಿ ಡ್ರೈವರಮ್ಮ ಕ್ಯಾಬಿನ್ನಿನಿಂದ ಇಳಿದು ಬಂದು, "ಇಳೀತೀರೋ ಇಲ್ವೋ, ಲವ್?" ಅಂದಳಂತೆ. ಆ ಸೀಮೆಯಲ್ಲಿ ಎಲ್ಲರನ್ನೂ ಹಾಗೇ ಕರೆಯುತ್ತಾರೆ.

ಮಾವ ದನಿ ತಗ್ಗಿಸುತ್ತಿದ್ದರು. "ಲವ್ ಅಂದ್ಬುಟ್ಲು ಕಣ್ಲಾ. ಅಷ್ಟ್ ಜನದ್ ಮುಂದೆ. ನಿಮ್ಮತ್ತೆಗೆ ಗೊತ್ತಾಗ್ಬಾರ್ದು."

ಒಳಗಿನಿಂದ ಅತ್ತೆ, "ದಿನಾ ಗೊತ್ತಾಯ್ತಾನೇ ಅದೆ, ಮುಂದುಕ್ಕೇಳು" ಅನ್ನುತ್ತಿದ್ದರು.

ಅಲ್ಲಿಯ ಜನ ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಯೂ ಹೇಳಿ ಇಳಿಯುತ್ತಾರೆ. ಮಾವನಿಗೆ ಇದು ನಂಬಲಾಗದ ಸಂಗತಿ. ಸರ್ವೀಸಿನುದ್ದಕ್ಕೂ ಅವರಿಗೆ ಜನ ಏನೇನೋ ಹೇಳಿ ಇಳಿದಿದ್ದರು, ಥ್ಯಾಂಕ್ಯೂ ಅಂದವರಿರಲಿಲ್ಲ. ಹಾಗಾಗಿ ಬಾಗಿಲ ಹತ್ತಿರದ ಕಂಬಿ ಹಿಡಿದು ನಿಂತು, ಡ್ರೈವರಿಗೆ ಸಲ್ಲಬೇಕಾದ ಥ್ಯಾಂಕ್ಯೂಗಳನ್ನೆಲ್ಲ ನಡುವೆಯೇ ಸ್ವೀಕರಿಸುತ್ತಿದ್ದರು. "ಇರ್ಲಿ ಬುಡಿ. ಇರ್ಲಿ ಇರ್ಲಿ. ನೋಡ್ಕಂಡ್ ಇಳೀರಿ ತಾಯಿ." ಒಂದು ವಾರದಲ್ಲಿ ಆ ಬಸ್ಸಿನವರು ಮಾವನಿಗೂ ಪ್ರತ್ಯೇಕವಾಗಿ ಒಂದು ಥ್ಯಾಂಕ್ಯೂ ಹೇಳಿ ಇಳಿಯಲು ಶುರುಮಾಡಿದರಂತೆ. ಇದನ್ನು ಹೇಳುವಾಗ ಮಾತ್ರ ಅವರು ನಗುತ್ತಿರಲಿಲ್ಲ. ಬಾಕಿ ವಸೂಲಾದವರ ಹಾಗೆ ಗಂಭೀರವಾಗಿ ಮೀಸೆ ನೀವಿಕೊಳ್ಳುತ್ತಿದ್ದರು.

ಆದರೂ ಅವರಿಗೆ ಅಲ್ಲಿ ಒಂದೇ ಒಂದು ಕೊರತೆ. ಮಾತು. ಮಗಳು ಅಳಿಯ ದಣಿದು ಬಂದು ಮಲಗುವವರು. ಮೈತ್ರಿ ಇನ್ನೂ ಚಿಕ್ಕವಳು. "ಬಾಯ್ ಮುಚ್ಕಂಡ್ ಕುಂತು ಕುಂತು ದವಡೆ ನೋಯ್ತಿತ್ತು" ಅನ್ನುತ್ತಿದ್ದರು. ಅಂಥ ಹೊತ್ತಿನಲ್ಲಿ ಒಂದು ಬೆಳಿಗ್ಗೆ ಬಸ್ಸಿನಲ್ಲಿ, ಹಿಂದಿನ ಸೀಟಿನಿಂದ, ಫೋನಿನಲ್ಲಿ ಯಾರೋ "ಅಮ್ಮ, ಮಾತ್ರೆ ತಗೊಂಡ್ರಾ?" ಅಂದದ್ದು ಕೇಳಿಸಿತು. ಮಾವ ಎದ್ದು ನಿಂತು ಇಡೀ ಬಸ್ಸಿಗೆ ಕೇಳಿಸುವ ಹಾಗೆ, "ಕನ್ನಡವಾ ಸಾಮಿ!" ಅಂದರು.

ಕೋಟು ಹಾಕಿಕೊಂಡ, ನಡುವಯಸ್ಸಿನ, ನಗುಮುಖದ ಮನುಷ್ಯ. ಕನ್ನಡವಷ್ಟೇ ಅಲ್ಲ, ಮೈಸೂರೇ. ಮಾವ ಅವರಿಗೆ ಇಟ್ಟ ಹೆಸರು ಸಾಹೇಬ್ರು. ಸಾಹೇಬ್ರು ಮಾವನಿಗಿಂತ ಎರಡು ಸ್ಟಾಪು ಆಚೆ ಹತ್ತುವವರು, ಅಷ್ಟರಲ್ಲಿ ಬಸ್ಸು ಶಾಲೆಯ ಮಕ್ಕಳಿಂದ ತುಂಬಿಹೋಗುತ್ತಿತ್ತು. ಮಾವ ಮೈತ್ರಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ತಾವು ಕಿಟಕಿಯ ಕಡೆ ಕೂತು, ಪಕ್ಕದ ಸೀಟಿನ ಮೇಲೆ ಟವಲ್ ಹಾಸಿಬಿಡುತ್ತಿದ್ದರು. ಆಚೆ ಸಾಲಿನಲ್ಲಿ ದಿನಾ ಕೂರುತ್ತಿದ್ದ ಒಬ್ಬ ಬಿಳಿಕೂದಲ ಅಜ್ಜಿಗೆ ಇದು ಅರ್ಥವಾಗಲಿಲ್ಲ. ಮೊದಲ ದಿನ ಟವಲ್ ಎತ್ತಿ, ಮಡಿಸಿ, ಬಿದ್ದುಹೋಯಿತು ನೋಡಿ ಅಂತ ಕೈಗೆ ಕೊಟ್ಟಳು. ಮಾವ ಮತ್ತೆ ಹಾಸಿದರು. ಅಜ್ಜಿ ಮತ್ತೆ ಮಡಿಸಿದಳು. ಸಾಹೇಬ್ರು ಹತ್ತಿ ಬಂದು ಟವಲ್ ಎತ್ತಿ ಕೂತಾಗಲೇ ಅವಳಿಗೆ ಮೈಸೂರಿನ ಪದ್ಧತಿ ತಿಳಿದದ್ದು. ಆಮೇಲೆ ಆ ಟವಲ್ಲಿಗೆ ಅವಳೇ ಕಾವಲು. ಯಾವನಾದರೂ ಹುಡುಗ ಹತ್ತಿರ ಬಂದರೆ ಕೊಡೆಯ ತುದಿ ತೋರಿಸುತ್ತಿದ್ದಳಂತೆ.

ಕೆಲವು ದಿನ ಹೀಗೆ ನಡೆಯಿತು. ಇಬ್ಬರೂ ಬಾಯಿ ತುಂಬ ಮೈಸೂರು ಮಾತಾಡಿಕೊಂಡು ಹೋಗುತ್ತಿದ್ದರು. ಇದ್ದಕ್ಕಿದ್ದ ಹಾಗೆ ಒಂದು ದಿನ ಸಾಹೇಬ್ರು ಹತ್ತಿದರು, ಟವಲ್ ನೋಡಿದರು, ಕೂರಲಿಲ್ಲ. ಕಂಬಿ ಹಿಡಿದು ನಿಂತರು. ಮಾವ ಟವಲ್ ತೆಗೆದು ಸೀಟು ಒರೆಸಿ, "ಕುಂತ್ಕಳಿ ಸಾ" ಅಂದರು. "ಪರವಾಗಿಲ್ಲ ಪರವಾಗಿಲ್ಲ, ಇಲ್ಲೇ ಇಳ್ಕೋತೀನಿ." ಇಳಿದದ್ದು ಕೊನೆಯ ಸ್ಟಾಪಿನಲ್ಲಿ. ಮಾರನೇ ದಿನವೂ ಅದೇ. ಅದರ ಮಾರನೇ ದಿನವೂ ಅದೇ. ಮಾವ ಟವಲ್ ಹಾಸುವುದು ಬಿಡಲಿಲ್ಲ, ಸಾಹೇಬ್ರು ನಿಲ್ಲುವುದು ಬಿಡಲಿಲ್ಲ.

ಇಲ್ಲಿಗೆ ಬಂದಾಗ ಮಾವ ಜಗುಲಿಯ ಮೇಲೆ ತೊಡೆ ತಟ್ಟುತ್ತಿದ್ದರು. "ಆಮೇಕ್ ತಿಳೀತು ಕಣ್ರಲಾ ನಂಗೆ. ಅಯ್ಯೋ ಪಾಪ, ಮೂಲವ್ಯಾಧಿ! ಕುಂತ್ಕಳಕಾಯ್ತಿಲ್ಲ, ಬಾಯ್ಬುಟ್ಟು ಹೇಳಕೂ ಆಯ್ತಿಲ್ಲ!"

ಬೀದಿ ಬಿದ್ದು ಬಿದ್ದು ನಗುತ್ತಿತ್ತು. ಆದರೆ ಅಸಲು ಇರುವುದು ಮುಂದೆ. ಆ ಇಂಗ್ಲಿಷ್ ಅಜ್ಜಿ ನಿಂತ ಸಾಹೇಬ್ರನ್ನೂ ಖಾಲಿ ಸೀಟನ್ನೂ ನೋಡಿ ನೋಡಿ, ಯಾಕೆ ಅಂತ ಮಾವನನ್ನು ಕೇಳಿದಳು. ಮಾವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಸಾಹೇಬ್ರ ಕಡೆ ಬೆರಳು ತೋರಿಸಿ, ತಮ್ಮ ಹಿಂಭಾಗ ತಟ್ಟಿಕೊಂಡು, ಮುಖ ಕಿವುಚಿ, "ಪೈಲ್ಸ್" ಅಂದರು. ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಎರಡು ದಿನ ಬಿಟ್ಟು ಒಂದು ಮೆತ್ತನೆಯ ದಿಂಬು ತಂದಳು, ನಡುವೆ ತೂತಿರುವಂಥದ್ದು. ಮಕ್ಕಳು ತುಂಬಿದ್ದ ಬಸ್ಸಿನಲ್ಲಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ಸಾಹೇಬ್ರ ಮುಂದೆ ಚಾಚಿ, ಪಾಪ ತನ್ನ ಗಂಡನಿಗೂ ಇದೇ ಇತ್ತು, ಇದರ ಮೇಲೆ ಕೂತರೆ ನೋವೇ ಇರುವುದಿಲ್ಲ, ನಾಚಿಕೆ ಬೇಡ ಅಂತ ಗಟ್ಟಿಯಾಗಿ ಹೇಳಿದಳು.

ಮರುದಿನದಿಂದ ಸಾಹೇಬ್ರು ಬಸ್ಸು ಬದಲಾಯಿಸಿದರು.

ಇದು ನನ್ನ ಪ್ರಸಿದ್ಧ ಐಟಂ. ಟಿಂಗ್ ಟಿಂಗ್‌ನಿಂದ ಹಿಡಿದು ದಿಂಬಿನವರೆಗೆ ಒಬ್ಬನೇ ಎಲ್ಲರಾಗುತ್ತಿದ್ದೆ: ಡ್ರೈವರಮ್ಮ, ಅಜ್ಜಿ, ಮಾವ. ನಿಂತ ಸಾಹೇಬ್ರನ್ನು ಮಾಡುವಾಗ ಎರಡೂ ತೊಡೆ ಬಿಗಿಹಿಡಿದು, ಮೇಲಿನ ಕಂಬಿಗೆ ಜೋತುಬಿದ್ದು, ರಸ್ತೆಯ ಪ್ರತಿ ಉಬ್ಬಿಗೂ ಒಂದೊಂದು ರಾಗ ತೆಗೆಯುತ್ತಿದ್ದೆ. ಜನ ಕುರ್ಚಿಯಿಂದ ಜಾರುತ್ತಿದ್ದರು. ಮಾವ ಮೊದಲ ಸಾಲಿನಲ್ಲಿ ಕೂತು ನೋಡಿದ್ದರು ಒಂದು ಸಲ. ಮುಗಿದ ಮೇಲೆ ಬೆನ್ನು ತಟ್ಟಿ, "ಚೆಂದಾಗ್ ನಿಂತ್ಕತೀಯ ಕಣ್ಲಾ ಗಿಳಿ. ಆದ್ರೆ ಅವ್ನು ಇಷ್ಟ್ ಒದ್ದಾಡ್ತಿರ್ನಿಲ್ಲ. ಆರಾಮಾಗ್ ನಿಂತಿರ್ತಿದ್ದ" ಅಂದರು. ನಾನು ಅದನ್ನು ಕಲೆಯ ಬಗೆಗಿನ ಸಲಹೆ ಅಂದುಕೊಂಡೆ. ಒದ್ದಾಟ ಕಮ್ಮಿ ಮಾಡಿದರೆ ನಗು ಬರುವುದಿಲ್ಲ ಮಾವ ಅಂತ ಪಾಠ ಬೇರೆ ಹೇಳಿದೆ.

ಇಂಗ್ಲೆಂಡಿನಿಂದ ಬಂದಾಗ ಅವರ ಹೆಗಲ ಮೇಲೆ ಟವಲ್ ಇರಲಿಲ್ಲ. ಕೇಳಿದರೆ, "ಆ ಅಜ್ಜಿಗೆ ಕೊಟ್ಬುಟ್ಟೆ. ನೆಪ್ಪಿಗೆ" ಅಂದಿದ್ದರು. ಹೊಸದನ್ನು ಹಾಕಿಕೊಳ್ಳಲೇ ಇಲ್ಲ. ಲಂಡನ್ ರಿಟರ್ನ್ಡ್, ಹೆಗಲು ಖಾಲಿ ಅಂತ ನಾನು ಅದನ್ನೂ ಆಡಿಕೊಂಡೆ.

ನಾನು ಅವರ ಜೊತೆ ಕೊನೆಯ ಸಲ ಹೋದದ್ದೂ ಬಸ್ಸಿನಲ್ಲೇ. ಎದೆನೋವಿಗೆ ಡಾಕ್ಟರ ಹತ್ತಿರ ಹೋಗಿ ವಾಪಸು ಬರುತ್ತಿದ್ದೆವು. ಆಟೋ ಅಂದರೆ ಬೈದಿದ್ದರು. ಸಿಟಿ ಸ್ಟ್ಯಾಂಡಿನಲ್ಲಿ ನೂಕುನುಗ್ಗಲು. ನಾನು ನುಗ್ಗಿ ಒಂದು ಸೀಟಿನಲ್ಲಿ ಕೂತು ಪಕ್ಕದ್ದರ ಮೇಲೆ ಕರ್ಚೀಫು ಎಸೆದೆ. ಮಾವ ಮೆಲ್ಲಗೆ ಹತ್ತಿ ಬಂದು, ಕರ್ಚೀಫು ಎತ್ತಿ ನನ್ನ ತೊಡೆಯ ಮೇಲೆ ಹಾಕಿ ಕೂತರು. ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು, "ಸೀಟ್ ಹಿಡಿಬ್ಯಾಡ ಕಣ್ಲಾ" ಅಂದರು.

"ಯಾಕ್ ಮಾವ? ನೀವೇ ಕಲಿಸಿದ್ದು."

"ಹಿಡಿದ್ಬುಟ್ಟು, ಅವ್ರು ಕೂರ್ನಿಲ್ಲ ಅಂದ್ರೆ? ಖಾಲಿ ಸೀಟ್ ಪಕ್ದಲ್ಲಿ ನಾವ್ ಕುಂತಿರ್ಬೇಕಾಯ್ತದೆ. ಇಳಿಯೋಗಂಟ."

ನಾನು "ಮೂಲವ್ಯಾಧಿ ಇದ್ರೆ ಕೂರಲ್ಲ ಬಿಡಿ" ಅಂತ ಸಾಹೇಬ್ರ ಹಾಗೆ ಒಂದು ರಾಗ ತೆಗೆದೆ. ಅವರು ನಕ್ಕರು. ಅಷ್ಟೇ. ಇಳಿಯುವಾಗ ಬಸ್ಸಿನ ಮೈಯನ್ನು ಎರಡು ಸಲ ಬಡಿದು "ರೈಟ್" ಅಂದರು. ಹುಡುಗ ಕಂಡಕ್ಟರು ನಕ್ಕು ಸೆಲ್ಯೂಟ್ ಹೊಡೆದ. ಆ ತಿಂಗಳೇ ಹೋಗಿಬಿಟ್ಟರು.

ಮಾವನ ಪುಣ್ಯಾನುಮೋದನೆಗೆ, ಅಂದರೆ ತೀರಿಕೊಂಡವರ ಹೆಸರಿನ ಪ್ರಾರ್ಥನೆಗೆ, ಸುಜಾತಕ್ಕ ಮೈತ್ರಿಯನ್ನು ಕರೆದುಕೊಂಡು ಬಂದಿದ್ದಳು. ಪ್ರಾರ್ಥನೆ ಮುಗಿದು ಊಟಕ್ಕೆ ಎಲೆ ಹಾಕುವವರೆಗೆ ಜನ ಶಾಮಿಯಾನದಡಿ ಸುಮ್ಮನೆ ಕೂತಿದ್ದರು. ಯಾರೋ, "ಲೋ ಗಿಳಿ, ಅವ್ರದ್ ಬಸ್ ಮಾಡ್ಲಾ. ಅತ್ಕಂಡ್ ಕುಂತ್ರೆ ಅವ್ರಿಗೇ ಇಷ್ಟ ಆಯ್ತಿರ್ನಿಲ್ಲ" ಅಂದರು. ಅತ್ತೆಯೂ ಸೆರಗಿನಲ್ಲಿ ಮೂಗು ಒರೆಸಿಕೊಂಡು ತಲೆಯಾಡಿಸಿದರು. ಮಾಡಿದೆ. ಟಿಂಗ್ ಟಿಂಗ್ ಆಯಿತು, ಲವ್ ಆಯಿತು, ಟವಲ್ ಆಯಿತು. ಸಾಹೇಬ್ರು ಕಂಬಿಗೆ ಜೋತುಬೀಳುವ ಹೊತ್ತಿಗೆ ಮೈತ್ರಿ ಕೈಯೆತ್ತಿದಳು, ಕ್ಲಾಸಿನಲ್ಲಿ ಎತ್ತುವ ಹಾಗೆ.

"ಗಿಳಿ ಅಂಕಲ್, ನೀವು ಒಂದು ಬಿಟ್ರಿ. ಆ ಬಸ್ ಅಂಕಲ್ ನಿಂತ್ಕೊಳ್ಳೋ ಹಿಂದಿನ ದಿನ."

"ಏನಮ್ಮ ಅದು?"

ಅವಳು ಎದ್ದು ನಿಂತಳು. ನಾನು ಸುಮ್ಮನೆ ಹೇಳುತ್ತಿಲ್ಲ, ನನ್ನ ಅನ್ನಕ್ಕೆ ಕಲ್ಲು ಹಾಕುವ ಮಟ್ಟದ ಮಿಮಿಕ್ರಿ. ಕೈಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡ ಹಾಗೆ ಮಾಡಿ, ತಲೆ ಸ್ವಲ್ಪ ವಾಲಿಸಿ, "ಮೈಸೂರಲ್ಲಿ ಎಲ್ಲಾಗತ್ತೆ ನಿಮಗೆ?" ಅಂದಳು. ಆಮೇಲೆ ಎದೆ ಉಬ್ಬಿಸಿ, ತಾತನ ದನಿಯಲ್ಲಿ, "ಅಶೋಕಪುರಂ ಸಾ!" ಆಮೇಲೆ ಮತ್ತೆ ಅಂಕಲ್. "ಓ..." ಅಂತ ಒಂದು ಎಳೆದಳು. ಕಣ್ಣು ಅಲ್ಲೇ ಇತ್ತು, ನಗುವೂ ಅಲ್ಲೇ ಇತ್ತು, ಒಳಗಿನಿಂದ ಯಾರೋ ದೀಪ ಆರಿಸಿದ ಹಾಗಿತ್ತು. "ಓ... ಓಕೆ, ಓಕೆ."

"ಆಮೇಲೆ ಕೂರಲೇ ಇಲ್ಲ" ಅಂದಳು ತನ್ನ ದನಿಯಲ್ಲಿ. "ತಾತ ಹೇಳಿದ್ರು, ಅಂಕಲ್‌ಗೆ ಅವತ್ತು ರಾತ್ರಿ ಪೈಲ್ಸ್ ಬಂತು ಅಂತ." ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತ ಸುತ್ತ ನೋಡಿದಳು. ಯಾರೂ ನಗಲಿಲ್ಲ. ಯಾರೋ, "ಊಟಕ್ ಏಳ್ರಪ್ಪ, ಎಲೆ ಹಾಕವ್ರೆ" ಅಂದರು.

ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಹೊರಗಿನವರಿಗೆ ಹೇಳುತ್ತೇನೆ. ನಮ್ಮ ಬಡಾವಣೆಯ ಹೆಸರು ಹೇಳಿದರೆ ನಮ್ಮ ಜಾತಿ ಹೇಳಿದ ಹಾಗೆ. ಮುಖಕ್ಕೆ ಮುಖ ಕೊಟ್ಟು ಜಾತಿ ಕೇಳುವುದು ಅಸಭ್ಯ ಅಂತ ತಿಳಿದ ಸಭ್ಯರು ಏರಿಯಾ ಕೇಳುತ್ತಾರೆ. ಆ ಬಸ್ಸಿನಲ್ಲಿ ಟವಲ್ ಹಾಸದ ಹೊತ್ತಿನಲ್ಲಿ ಕುಡುಕರು ಮಾವನ ಪಕ್ಕ ಕೂತಿದ್ದರು, ನಾಯಿ ಕೂತಿತ್ತು, ಕೊಡೆಯ ಅಜ್ಜಿ ಕೂತಿದ್ದಳು. ಏಳು ಸಮುದ್ರದಾಚೆ ಅವರ ಪಕ್ಕ ಕೂರಲಾರದೆ ನಿಂತವನು ಒಬ್ಬನೇ, ಮೈಸೂರಿನವನು.

ಆ ಸಂಜೆ ಪಾತ್ರೆ ಬೆಳಗುತ್ತಿದ್ದ ಅವ್ವನ ಪಕ್ಕ ಹೋಗಿ ಕುಕ್ಕರಗಾಲಲ್ಲಿ ಕೂತೆ. "ಅವ್ವ, ಮಾವನ್ಗೆ ಹಿಂಗಾಗಿತ್ತು ಅಂತ ನಿಂಗೊತ್ತಿತ್ತಾ?"

ಅವ್ವ ತಲೆಯೆತ್ತಲಿಲ್ಲ. "ಯಾರ್ಗ್ ಗೊತ್ತಿರ್ನಿಲ್ಲ? ಮೈಸೂರೋನು ನಮ್ ಪಕ್ಕ ಕುಂತ್ಕಳಕ್ಕಾಗ್ದೆ ನಿಂತ ಅಂದ್ರೆ ಅದ್ಯಾವ್ ಕಾಯ್ಲೆ ಅಂತ ಬೀದಿಗೆಲ್ಲ ಗೊತ್ತು. ನೀನೊಬ್ಬ ನಿಜ್ವಾಗ್ಲೂ ಮೂಲವ್ಯಾಧಿ ಅಂದ್ಕಂಡಿದ್ದೆ."

"ಮತ್ಯಾಕ್ ನಗ್ತಿದ್ರಿ ಎಲ್ಲಾರೂ?"

"ನಮ್ಮಣ್ಣ ನಗ್ಲಿ ಅಂತ ಹೇಳ್ದ, ನಕ್ವಿ. ಅಷ್ಟ್ ದೂರದಿಂದ ಹೊತ್ಕ ಬಂದಿದ್ದ. ಇಳ್ಸಕೆ ಕೈ ಕೊಡ್ಬೇಕಲ್ವಾ?" ಬೂದಿಯ ಕೈಯಿಂದ ಹಣೆಯ ಕೂದಲು ಸರಿಸಿಕೊಂಡಳು. "ಆ ಮುದ್ಕಿ ಕೈಲಿ ದಿಂಬು ಕೊಡ್ಸುದ್ನಲ್ಲ, ಅಷ್ಟಾದ್ರೂ ಮಾಡ್ದ."

ಊರೆಲ್ಲ ನಗಿಸುವ ಬುದ್ಧಿವಂತ ನಾನು. ಬೀದಿಯಲ್ಲಿ ಆ ಜೋಕು ಅರ್ಥವಾಗದೆ ಉಳಿದವರು ಇಬ್ಬರು, ಶಾಲೆಗೆ ಹೋಗುವ ಮೈತ್ರಿ ಮತ್ತು ಕಾರ್ಡು ಮಾಡಿಸಿಕೊಂಡ ಕಲಾವಿದ.

ಮೊನ್ನೆ ಮೇಟಗಳ್ಳಿಯ ಒಂದು ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ಕರೆದಿದ್ದರು. ಹಿಂದಿನ ವರ್ಷ ನೋಡಿದ್ದವರು, "ಆ ಬಸ್ಸಿನದು, ಮೂಲವ್ಯಾಧಿದು" ಅಂತ ಕೂಗಿದರು. ಮಾಡಿದೆ. ಈ ಸಲ ಒದ್ದಾಡಲಿಲ್ಲ, ಮಾವ ಹೇಳಿದ ಹಾಗೆ ಆರಾಮಾಗಿ ನಿಂತೆ. ಮೈತ್ರಿ ಹೇಳಿಕೊಟ್ಟ ಸಾಲನ್ನು ಸೇರಿಸಬೇಕು ಅಂತ ಮನೆಯಿಂದಲೇ ಗಟ್ಟಿ ಮಾಡಿಕೊಂಡು ಹೋಗಿದ್ದೆ. ಬಾಯಿಗೆ ಬಂತು, ನುಂಗಿಕೊಂಡೆ. ಮಾವನೇ ಇಷ್ಟು ವರ್ಷ ಹೇಳದ ಸಾಲು, ಚಪ್ಪಾಳೆಗೆ ಹರಾಜು ಹಾಕಲು ನಾನ್ಯಾರು. ಒದ್ದಾಟವಿಲ್ಲದಿದ್ದರೂ ಜನ ನಕ್ಕರು. ಮೊದಲ ಸಾಲಿನ ಒಬ್ಬ ಆಫೀಸರು ಕಣ್ಣೀರು ಒರೆಸಿಕೊಂಡು ನಕ್ಕರು.

ಊಟಕ್ಕೆ ಆ ಆಫೀಸರೇ ಕೈಹಿಡಿದು ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡರು. ಒಳ್ಳೆಯ ಮನುಷ್ಯ. ನನ್ನ ಎಲೆಗೆ ತಾವೇ ಕರೆದು ಹೋಳಿಗೆ ಹಾಕಿಸಿದರು. "ಎಂಥಾ ಟ್ಯಾಲೆಂಟ್ ರೀ ನಿಮ್ದು! ಆ ಕಂಡಕ್ಟರ್ ಮಾವ ಕಣ್ಮುಂದೆ ಬಂದ್ಬಿಟ್ರು" ಅಂದರು. ಹೋಳಿಗೆ ಮುರಿಯುತ್ತ, "ಅಂದಹಾಗೆ ಮೈಸೂರಲ್ಲಿ ಎಲ್ಲಾಗತ್ತೆ ನಿಮಗೆ?" ಅಂದರು.

"ಅಶೋಕಪುರಂ ಸಾ!" ಅಂದೆ. ದನಿ ಮಾವನದೇ ಬಂತು.

"ಓ..." ಅಂದರು.

ಸ್ವಲ್ಪ ಹೊತ್ತಾದ ಮೇಲೆ ಜೇಬಿನಿಂದ ಫೋನ್ ತೆಗೆದು ನೋಡಿ, "ಒಂದ್ನಿಮಿಷ, ಬಂದೆ" ಅಂತ ಎದ್ದು ಹೋದರು. ನಿಜವಾಗಿ ಫೋನ್ ಬಂದಿರಬಹುದು. ಬರದೆಯೂ ಇರಬಹುದು. ಇದರ ದರಿದ್ರವೇ ಇದು, ಖಾತ್ರಿಯಾಗುವುದಿಲ್ಲ. ಮಾವನೂ ಅಷ್ಟು ದಿನ ಟವಲ್ ಹಾಸಿದ್ದು ಅದಕ್ಕೇ ಇರಬೇಕು, ಇವತ್ತು ಕೂತರೂ ಕೂತಾರು ಅಂತ. ಅರ್ಧ ಮುರಿದ ಹೋಳಿಗೆ ಅವರ ಎಲೆಯಲ್ಲಿ ತಣ್ಣಗಾಗುತ್ತಿತ್ತು. ಬಡಿಸುವವನು ಬಂದು, "ಇಲ್ಲಿ ಯಾರಾದ್ರೂ ಇದಾರಾ ಸಾರ್?" ಅಂತ ಖಾಲಿ ಕುರ್ಚಿ ತೋರಿಸಿ ಕೇಳಿದ. ಕೈ ತಾನಾಗಿ ಜೇಬಿಗೆ ಹೋಗಿ ಕರ್ಚೀಫು ಹೊರಗೆ ಬಂತು.

ಹಾಕಲಿಲ್ಲ. ಕೈ ಒರೆಸಿಕೊಂಡು ಜೇಬಿಗೆ ಇಟ್ಟುಕೊಂಡೆ. ಮೇಜನ್ನು ಎರಡು ಸಲ ಬಡಿದೆ.

"ರೈಟ್" ಅಂದು ಎದ್ದೆ.